ಮೂತ್ರ ಪರೀಕ್ಷೆಯ ವರದಿ ಹೇಳದ ಮಾತು

ಪ್ರಥಮ ಪಿಯುಸಿ ಓದುವ ಮಗನೊಂದಿಗೆ ಬಂದ ತಂದೆಯೊಬ್ಬರು, ಕುರ್ಚಿಯಲ್ಲಿ ಕೂರುವ ಮೊದಲೇ ಲ್ಯಾಬ್ ವರದಿಯನ್ನು ನನ್ನ ಮೇಜಿನ ಮೇಲಿಟ್ಟು, "ಡಾಕ್ಟ್ರೇ, ಎರಡು ವಾರದಿಂದ ಗಾಂಜಾ ಮುಟ್ಟಿಲ್ಲ ಅಂತಾನೆ, ಇದರಲ್ಲಿ ನೋಡಿದರೆ ಪಾಸಿಟಿವ್" ಎಂದರು. ಮಗನ ಜಾಮಿಟ್ರಿ ಬಾಕ್ಸಿನಲ್ಲಿ, ಸೇದಿ ಕೆಂಪಾದ ಕಣ್ಣನ್ನು ಮರೆಮಾಚಲು ಬಳಸುವ ಡ್ರಾಪ್ಸ್ ಸೀಸೆ ಸಿಕ್ಕ ದಿನದಿಂದ ಮನೆಯಲ್ಲಿ ವಿಚಾರಣೆಯೇ ನಡೆದಿತ್ತು. (ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಹುಡುಗ ನಿಜವನ್ನೇ ಹೇಳುತ್ತಿದ್ದಿರಬಹುದು. ಗಾಂಜಾದಲ್ಲಿ ಮತ್ತೇರಿಸುವ ಟಿಎಚ್‌ಸಿ ಎಂಬ ಅಂಶವು ದೇಹದ ಕೊಬ್ಬಿನಲ್ಲಿ ಸೇರಿಕೊಂಡು ನಿಧಾನವಾಗಿ ಹೊರಬರುವುದರಿಂದ, ದಿನವೂ ಸೇದುತ್ತಿದ್ದವರ ಮೂತ್ರದಲ್ಲಿ ಬಿಟ್ಟು ಮೂರ್ನಾಲ್ಕು ವಾರಗಳಾದರೂ ಅದರ ಕುರುಹು ಕಾಣಬಹುದು. ಬಿಟ್ಟವನನ್ನು ಸುಳ್ಳುಗಾರನೆಂದು ಜರಿದರೆ, ಬಿಟ್ಟು ಬಂದ ಲಾಭವೇನೆಂದು ಅವನಿಗೆ ಅನ್ನಿಸುವುದು ಸಹಜ.

ದೊಡ್ಡವರು ಮಾಡುವ ಇನ್ನೊಂದು ತಪ್ಪು ಉತ್ಪ್ರೇಕ್ಷೆ. ಒಂದು ದಮ್ ಎಳೆದರೆ ಹುಚ್ಚು ಹಿಡಿಯುತ್ತದೆ ಎಂದು ಹೆದರಿಸಿದರೆ, ಸೇದಿಯೂ ಒಳ್ಳೆಯ ಅಂಕ ತೆಗೆದ ಸೀನಿಯರ್ ಒಬ್ಬನನ್ನು ಕಂಡಿರುವ ಹುಡುಗ ನಮ್ಮ ಉಳಿದ ಮಾತನ್ನೂ ನಂಬುವುದಿಲ್ಲ. ಸ್ವೀಡನ್ನಿನಲ್ಲಿ ಸೇನಾ ಭರ್ತಿಗೆ ಬಂದ 45 ಸಾವಿರಕ್ಕೂ ಹೆಚ್ಚು ಯುವಕರನ್ನು 15 ವರ್ಷ ಗಮನಿಸಿ 1987ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಐವತ್ತಕ್ಕಿಂತ ಹೆಚ್ಚು ಬಾರಿ ಸೇದಿದ್ದವರಲ್ಲಿ ಸ್ಕಿಜೋಫ್ರೇನಿಯಾ ಎಂಬ ತೀವ್ರ ಮಾನಸಿಕ ಕಾಯಿಲೆ ಸುಮಾರು ಆರು ಪಟ್ಟು ಹೆಚ್ಚಾಗಿ ಕಂಡಿತು. ಅವರಲ್ಲೂ ಬಹುಪಾಲು ಜನರಿಗೆ ಆ ಕಾಯಿಲೆ ಬರಲಿಲ್ಲ. ನಾನು ಮಕ್ಕಳಿಗೆ ಈ ಎರಡನ್ನೂ ಒಟ್ಟಿಗೇ ಹೇಳುತ್ತೇನೆ. ಆಮೇಲೆ, ಮನೆತನದಲ್ಲಿ ಯಾರಿಗಾದರೂ ಅಂಥ ಕಾಯಿಲೆ ಇದೆಯೇ ಎಂದು ಕೇಳುತ್ತೇನೆ, ಏಕೆಂದರೆ ಅಂಥ ಮನೆಯ ಮಕ್ಕಳಿಗೆ ಅಪಾಯ ಹೆಚ್ಚು. ಅಂದು ಅದುವರೆಗೆ ಸುಮ್ಮನಿದ್ದ ತಾಯಿ, ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, "ನನ್ನ ತಮ್ಮನಿಗೆ ಇತ್ತು" ಎಂದರು. ಊರಿನ ಮನೆಯಲ್ಲಿ ತಾನೊಬ್ಬನೇ ಮಾತಾಡಿಕೊಳ್ಳುತ್ತಿದ್ದ ಸೋದರಮಾವನಿಗೆ ಏನಾಗಿತ್ತೆಂದು ಆ ಹುಡುಗನಿಗೆ ಅದುವರೆಗೆ ಯಾರೂ ಹೇಳಿರಲಿಲ್ಲ. ತಂದೆ ತಂದ ವರದಿಯತ್ತ ಕಣ್ಣೆತ್ತದವನು ಆಗ ತಾಯಿಯತ್ತ ತಿರುಗಿದ.

"ಸರ್, ಅದು ಸೊಪ್ಪು ಅಷ್ಟೇ ಅಲ್ವಾ, ಶಿವರಾತ್ರಿಗೆ ಭಂಗಿ ಕುಡಿಯಲ್ವಾ?" ಎಂಬ ಹುಡುಗರ ವಾದವನ್ನೂ ತಳ್ಳಿಹಾಕಬಾರದು. ಮಾದಕವಸ್ತುಗಳನ್ನು ನಿಯಂತ್ರಿಸುವ 1985ರ ಎನ್‌ಡಿಪಿಎಸ್ ಕಾಯ್ದೆಯು ಬರಿಯ ಎಲೆ ಮತ್ತು ಬೀಜವನ್ನು ಗಾಂಜಾದ ವ್ಯಾಖ್ಯೆಯಿಂದ ಹೊರಗಿಟ್ಟಿರುವುದು ನಿಜ. ಆದರೆ ಪೊಟ್ಟಣದಲ್ಲಿ ಕೈಬದಲಾಗುವುದು ಎಲೆಯಲ್ಲ, ಟಿಎಚ್‌ಸಿ ದಟ್ಟವಾಗಿರುವ ಹೂಗೊಂಚಲು. (ಗಿಡವೆಂಬುದೇ ಪ್ರಮಾಣಪತ್ರವಾದರೆ ದತ್ತೂರಿಯೂ ಗಿಡವೇ.)

ದಿನವೂ ಸೇದುತ್ತಿದ್ದವನು ಬಿಟ್ಟ ಮೊದಲ ವಾರದಲ್ಲಿ ನಿದ್ದೆ ಬಾರದು, ಊಟ ಸೇರದು, ಮಾತು ಮಾತಿಗೆ ಸಿಡುಕುತ್ತಾನೆ. ಅದನ್ನು ಮನೆಯವರು ಮತ್ತೆ ಸೇದಿದ್ದಾನೆಂದು ತಿಳಿದು ಜಗಳಕ್ಕಿಳಿಯುವುದೇ ಹೆಚ್ಚು. ಆ ತಂದೆ ನಿದ್ದೆಯಿಲ್ಲದ ಮಗನೊಡನೆ ರಾತ್ರಿ ಒಂದರವರೆಗೆ ಕೇರಂ ಆಡಿದರಂತೆ. ಯಾವ ಮಾತ್ರೆಗಿಂತಲೂ ಇದು ಮೇಲೆಂದು ನನ್ನ ಅಭಿಪ್ರಾಯ.

ಪೊಲೀಸರ ಭಯದಿಂದ ಚಿಕಿತ್ಸೆಗೆ ಬಾರದವರೂ ಇದ್ದಾರೆ. ವ್ಯಸನಿಯು ಸರ್ಕಾರದ ಅಥವಾ ಸರ್ಕಾರ ಮಾನ್ಯ ಮಾಡಿದ ಸಂಸ್ಥೆಯಲ್ಲಿ ತಾನಾಗಿಯೇ ಚಿಕಿತ್ಸೆ ಪಡೆದರೆ, ಸೇವನೆಯ ಮೊಕದ್ದಮೆಯಿಂದ ಅದೇ ಕಾಯ್ದೆಯ 64ಎ ಕಲಮು ರಕ್ಷಣೆ ನೀಡುತ್ತದೆ. ಆಸ್ಪತ್ರೆಯ ಮೆಟ್ಟಿಲು ಹತ್ತಲು ಸಂಕೋಚವಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.