ದುಡ್ಡು ಬ್ಯಾಡ್ರೀ, ಒಂದ್ಮಾತು ಹೇಳ್ರಿ

ಎರಡು ವರ್ಷದ ಹಿಂದೆ ನಮ್ಮ ಅಮ್ಮ ದಾವಣಗೆರೆಯ ಆಸ್ಪತ್ರೆಯೊಂದರಲ್ಲಿ 11 ದಿನ ಇದ್ದರು. ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದಿತ್ತು. ಡಿಸ್ಚಾರ್ಜ್ ದಿನ ನಾನು ಒಂದು ಹಾರ, ಒಂದು ಕೆಜಿ ಪೇಡಾ ತಗೊಂಡು ಡಾಕ್ಟರ ರೂಮಿಗೆ ಹೋದೆ. ಹೊರಗೆ ಬಂದಾಗ ಚಿಕ್ಕಮ್ಮ, "ಏನೇ ಹೇಳು, ಅವರ ಕೈಗುಣ ಚಲೋ ಐತೆ" ಎಂದರು.

ನಿಜ, ಚೆನ್ನಾಗಿತ್ತು. ಆದರೆ ಆ 11 ರಾತ್ರಿ ಅಮ್ಮನಿಗೆ ಬೆಡ್‌ಪ್ಯಾನ್ ಇಟ್ಟವರು ಬೇರೆ. ಬೆನ್ನು ಹುಣ್ಣಾಗದ ಹಾಗೆ ಎರಡು ತಾಸಿಗೊಮ್ಮೆ ಎದ್ದು ಬಂದು ಮಗ್ಗಲು ಬದಲಿಸಿದವರು ಬೇರೆ. ಅವರಲ್ಲಿ ಒಬ್ಬ ಆಯಾ ಗೇಟಿನ ಹತ್ತಿರ ಸಿಕ್ಕರು. ನಾನು 200 ರೂಪಾಯಿ ಕೈಗೆ ತುರುಕಲು ಹೋದೆ. ಅವರು ಹಿಂದೆ ಸರಿದರು. "ದುಡ್ಡು ಬ್ಯಾಡ್ರೀ ಅಣ್ಣಾ. ದೊಡ್ಡ ಸಿಸ್ಟರ್‌ಗೆ ನನ್ ಬಗ್ಗೆ ಒಂದ್ಮಾತು ಹೇಳಿ ಹೋಗ್ರಿ" ಎಂದರು. ಅವರದು ಗುತ್ತಿಗೆ ಕೆಲಸ. ಗುತ್ತಿಗೆ ಬದಲಾದಾಗ ಯಾರನ್ನು ಉಳಿಸಿಕೊಳ್ಳಬೇಕು ಎಂಬ ಮಾತು ಬರುತ್ತದೆ. ಆಗ ಆ ಒಂದು ಮಾತು ಕೆಲಸಕ್ಕೆ ಬರುತ್ತದೆ.

ಅವತ್ತಿನಿಂದ ಒಂದು ಪ್ರಶ್ನೆ ತಲೆಯಲ್ಲೇ ಉಳಿದಿದೆ. ರೋಗಿಯ ಸೇವೆ ಮಾಡಿದವರಿಗೆ ನಾವು ಕೃತಜ್ಞತೆ ಹೇಳುವ ರೀತಿ ಹೀಗೆ ಯಾವಾಗ ಆಯ್ತು? ಡಾಕ್ಟರಿಗೆ ಹಾರ, ಆಯಾಗೆ ಗೇಟಿನ ಹತ್ತಿರ ಮಡಚಿದ ನೋಟು?

ಮೊದಲು ಹೀಗಿರಲಿಲ್ಲ. ನಮ್ಮ ಅಜ್ಜಿಯ ಕಾಲದಲ್ಲಿ ಹೆರಿಗೆ ಮನೆಯಲ್ಲೇ. ಸೂಲಗಿತ್ತಿ ಬರುತ್ತಿದ್ದಳು. ಬಾಣಂತಿಗೆ ನೀರು ಹಾಕುವುದು, ಕೂಸಿಗೆ ಎಣ್ಣೆ ತಿಕ್ಕುವುದು ಎಲ್ಲ ಅವಳದೇ. ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಅವಳನ್ನು ಕೂರಿಸಿ, ಮೊರದಲ್ಲಿ ಅಕ್ಕಿ, ಬೆಲ್ಲ, ಎಲೆ ಅಡಿಕೆ, ಕುಪ್ಪಸದ ಕಣ ಇಟ್ಟು ಕೊಡುತ್ತಿದ್ದರು. ಕೈ ಬಿಚ್ಚುವ ಮನೆಯಾದರೆ ಒಂದು ಸೀರೆ. ಕೊಟ್ಟಿದ್ದು ದೊಡ್ಡದಲ್ಲ. ಆ ಕೆಲಸಕ್ಕೆ ಜಾತಿಯ ಕಟ್ಟೂ ಇತ್ತು, ಅದನ್ನು ಮರೆಯಬಾರದು. ಆದರೆ ಕೊಡುವುದು ಹತ್ತು ಜನರ ಎದುರಿಗೆ ಆಗುತ್ತಿತ್ತು. ಈ ಕೂಸನ್ನು ಭೂಮಿಗೆ ಇಳಿಸಿಕೊಂಡವಳು ಇವಳು ಅಂತ ಊರಿಗೇ ಗೊತ್ತಿರುತ್ತಿತ್ತು. ಕೈಗುಣ ಅನ್ನುವ ಮಾತು ಅವಳಿಗೂ ಸಲ್ಲುತ್ತಿತ್ತು.

ಆ ಸಾಲಿನ ಒಬ್ಬರಿಗೆ ದೇಶವೇ ಗೌರವ ಕೊಟ್ಟಿತು. ಚಿತ್ರದುರ್ಗ ಜಿಲ್ಲೆಗೆ ಅಂಟಿಕೊಂಡಿರುವ ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮ 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರು. ದುಡ್ಡು ಕೇಳಿದವರಲ್ಲ. 2018ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷ ಡಿಸೆಂಬರ್ 25ರಂದು ತೀರಿಕೊಂಡರು. ಜೀವಮಾನದ ಕೊನೆಯ ವರ್ಷಕ್ಕಾದರೂ ಬಂತಲ್ಲ ಎಂದು ನನಗೆ ಇವತ್ತಿಗೂ ಸಮಾಧಾನ.

ಹೆರಿಗೆ, ಕಾಯಿಲೆ ಎಲ್ಲ ಆಸ್ಪತ್ರೆಗೆ ಹೋದ ಮೇಲೆ ಈ ಪದ್ಧತಿ ಮುರಿಯಿತು. ನಮ್ಮ ಕಡೆ ಇದು ನಿಧಾನವಾಗಿ ಆಯಿತು. ದಾವಣಗೆರೆ ಆಗ ಚಿತ್ರದುರ್ಗ ಜಿಲ್ಲೆಯ ಊರು. 1958ರಲ್ಲಿ ಬಾಪೂಜಿ ವಿದ್ಯಾಸಂಸ್ಥೆ ಶುರುವಾಯಿತು. 1965ರಲ್ಲಿ ಜೆ.ಜೆ.ಎಂ. ಮೆಡಿಕಲ್ ಕಾಲೇಜು ಬಂತು. ಅಲ್ಲಿನ ಹುಡುಗರು ಕೆಲಸ ಕಲಿತದ್ದು ನಾವು ಸಿ.ಜಿ. ಆಸ್ಪತ್ರೆ ಎನ್ನುವ ಚಿಗಟೇರಿ ಆಸ್ಪತ್ರೆಯಲ್ಲಿ. 1997ರ ಆಗಸ್ಟ್ 15ಕ್ಕೆ ದಾವಣಗೆರೆ ಬೇರೆ ಜಿಲ್ಲೆಯಾದಾಗ ಅದು ಈ ಜಿಲ್ಲೆಯ ದೊಡ್ಡಾಸ್ಪತ್ರೆ ಆಯಿತು. ಹರಪನಹಳ್ಳಿ, ರಾಣೆಬೆನ್ನೂರು, ಹೊಳಲ್ಕೆರೆ ಕಡೆಯಿಂದಲೂ ಜನ ಇಲ್ಲಿಗೇ ಬರುತ್ತಾರೆ. ಅಷ್ಟು ಜನ ಬಂದು ಹೋಗುವ ಜಾಗದಲ್ಲಿ ಯಾರ ಮುಖ ಯಾರಿಗೆ ನೆನಪಿರುತ್ತದೆ, ಅಲ್ವಾ? ಮುಖ ಹೋಯಿತು, ಹೆಸರೂ ಹೋಯಿತು. ಉಳಿದದ್ದು ಸಿಸ್ಟರ್, ಆಯಾ, ವಾರ್ಡ್ ಬಾಯ್.

ಸಿಸ್ಟರ್ ಎಂಬ ಪದದ ಹಿಂದೆಯೂ ಒಂದು ಕಥೆ ಇದೆ. ಯೂರೋಪಿನಲ್ಲಿ ರೋಗಿಗಳ ಸೇವೆ ಬಹುಕಾಲ ಕ್ರೈಸ್ತ ಸನ್ಯಾಸಿನಿಯರ ಕೈಯಲ್ಲಿತ್ತು. ಅವರನ್ನು ಕರೆಯುತ್ತಿದ್ದದ್ದೇ ಸಿಸ್ಟರ್ ಅಂತ. ಇಂಗ್ಲಿಷರ ಆಸ್ಪತ್ರೆಗಳಲ್ಲಿ ಅದು ವಾರ್ಡ್ ನೋಡಿಕೊಳ್ಳುವ ಹಿರಿಯ ನರ್ಸ್‌ನ ಹುದ್ದೆಯ ಹೆಸರಾಯಿತು. ನಮ್ಮಲ್ಲಿ ಎಲ್ಲ ನರ್ಸ್‌ಗಳಿಗೂ ಅಂಟಿಕೊಂಡಿತು. ಈಗ ಗಂಡು ನರ್ಸ್‌ಗಳು ಬ್ರದರ್ ಆಗಿದ್ದಾರೆ. ಸರ್ಕಾರಿ ಕಾಗದದಲ್ಲಿ ಇವರೆಲ್ಲ ಶುಶ್ರೂಷಾಧಿಕಾರಿಗಳು. ಆ ಹೆಸರಿಗಾಗಿ ಅವರು ವರ್ಷಗಟ್ಟಲೆ ಕೇಳಿದ್ದಾರೆ. ಹೆಸರಲ್ಲೇನಿದೆ ಅಂತ ಸುಮ್ನೆ ತಳ್ಳಿಹಾಕಬೇಡಿ. ಮೂರು, ನಾಲ್ಕು ವರ್ಷ ಓದಿ ಬಂದವರಿಗೆ ಅದು ಓದಿನ ಮರ್ಯಾದೆ.

ಇನ್ನು ಆ ಮಡಚಿದ ನೋಟು. ಹೆರಿಗೆ ವಾರ್ಡ್‌ನಲ್ಲಿ ಇದಕ್ಕೆ ಖುಷಿ ದುಡ್ಡು ಎನ್ನುತ್ತಾರೆ. ತೊಟ್ಟಿಲ ದಿನ ಮೊರದಲ್ಲಿ ಇಟ್ಟು ಕೊಡುತ್ತಿದ್ದದ್ದೇ ಹೀಗೆ ರೂಪ ಬದಲಿಸಿದೆ ಎಂದು ನನಗೆ ಅನಿಸುತ್ತದೆ. ಆದರೆ ಬದಲಾಗುವಾಗ ಕೆಟ್ಟಿತು. ಖುಷಿಯಿಂದ ಕೊಡುವುದು ಕೇಳಿ ತೆಗೆದುಕೊಳ್ಳುವುದಾಯಿತು. ಗಂಡು ಕೂಸಾದರೆ ಜಾಸ್ತಿ, ಹೆಣ್ಣಾದರೆ ಕಮ್ಮಿ ಎಂಬ ಲೆಕ್ಕ ಬಂತು. ಕೊಡಲು ಇಲ್ಲದವರು ತಲೆ ತಗ್ಗಿಸಿ ನಿಲ್ಲಬೇಕಾಯಿತು. 2005ರಲ್ಲಿ, ಆಸ್ಪತ್ರೆಯಲ್ಲಿ ಹೆತ್ತರೆ ಸಹಾಯಧನ ಕೊಡುವ ಜನನಿ ಸುರಕ್ಷಾ ಯೋಜನೆ ಬಂದ ಮೇಲೆ ಬಡವರ ಮನೆಯ ಹೆಣ್ಣುಮಕ್ಕಳು ಹೆರಿಗೆಗೆ ಆಸ್ಪತ್ರೆಗೆ ಬರುವುದು ಹೆಚ್ಚಾಯಿತು. 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮ, ಸರ್ಕಾರಿ ಆಸ್ಪತ್ರೆಯ ಹೆರಿಗೆಗೆ ಒಂದು ಪೈಸೆಯೂ ಖರ್ಚಾಗಬಾರದು ಎಂದಿತು. ಔಷಧ, ರಕ್ತ, ಊಟ, ಸಿಸೇರಿಯನ್, ಬಂದು ಹೋಗುವ ಗಾಡಿ ಎಲ್ಲ ಉಚಿತ. ಅಲ್ಲಿಗೆ ಖುಷಿ ದುಡ್ಡು ಕೇಳುವುದು ಸ್ಪಷ್ಟವಾಗಿ ತಪ್ಪಾಯಿತು. ಆಗಬೇಕಾದದ್ದೇ. ಆದರೆ ಮನಸಾರೆ ಕೃತಜ್ಞತೆ ಹೇಳಬೇಕು ಅನ್ನುವವರಿಗೆ ಬೇರೆ ದಾರಿಯನ್ನು ಯಾರೂ ತೋರಿಸಲಿಲ್ಲ.

ಪ್ರಶಸ್ತಿಗಳು ಇದ್ದವು. ಆಧುನಿಕ ನರ್ಸಿಂಗ್‌ಗೆ ಬುನಾದಿ ಹಾಕಿದ ಫ್ಲಾರೆನ್ಸ್ ನೈಟಿಂಗೇಲ್ ಹೆಸರಿನ ಪದಕವನ್ನು ರೆಡ್ ಕ್ರಾಸ್ ಸಂಸ್ಥೆ 1912ರಲ್ಲಿ ಸ್ಥಾಪಿಸಿತು, 1920ರಲ್ಲಿ ಮೊದಲ ಸಲ ಕೊಟ್ಟಿತು. ನಮ್ಮ ದೇಶದ ರಾಷ್ಟ್ರೀಯ ನೈಟಿಂಗೇಲ್ ಪ್ರಶಸ್ತಿ 1973ರದು. ರಾಷ್ಟ್ರಪತಿಗಳೇ ಕೊಡುತ್ತಾರೆ. ಹಳ್ಳಿ ಹಳ್ಳಿ ತಿರುಗುವ ಕಿರಿಯ ದಾದಿಯರಾದ ಎಎನ್‌ಎಂಗಳೂ ಅದರಲ್ಲಿ ಇದ್ದಾರೆ ಎಂಬುದು ದೊಡ್ಡ ವಿಷಯ. ನೈಟಿಂಗೇಲ್ ಹುಟ್ಟಿದ ಮೇ 12, ದಾದಿಯರ ದಿನ. ಜುಲೈ 1 ವೈದ್ಯರ ದಿನ. ಪಶ್ಚಿಮ ಬಂಗಾಳದ ಮುಖ್ಯಮಂತ್ರಿಯೂ ಆಗಿದ್ದ ಡಾಕ್ಟರ್ ಬಿ.ಸಿ. ರಾಯ್ ನೆನಪಿಗೆ 1991ರಿಂದ ನಡೆದಿದೆ. ಶಾಲು, ಹಾರ, ಹಣ್ಣಿನ ಬುಟ್ಟಿ, ಒಂದು ಫೋಟೋ. ನಾನು ಅಂಥ ಎರಡು ಮೂರು ಸಮಾರಂಭಕ್ಕೆ ಹೋಗಿದ್ದೇನೆ. ದೀಪ ಹಿಡಿದು ಪ್ರತಿಜ್ಞೆ ಹೇಳುವಾಗ ಚಿಕ್ಕ ಚಿಕ್ಕ ಹುಡುಗಿಯರ ಮುಖ ನೋಡಿದರೆ ಕಣ್ಣು ತುಂಬುತ್ತದೆ. ಆದರೆ ನೆಲ ಒರೆಸುವವರಿಗೆ, ಶವ ಸಾಗಿಸುವವರಿಗೆ, ಲ್ಯಾಬ್‌ನಲ್ಲಿ ರಕ್ತ ತೆಗೆಯುವವರಿಗೆ ಆ ವೇದಿಕೆಯಲ್ಲಿ ಕುರ್ಚಿ ಇರಲಿಲ್ಲ.

2020 ಬಂತು. ಮಾರ್ಚ್ 22ರ ಸಂಜೆ 5ಕ್ಕೆ ನಾವೆಲ್ಲ ಬಾಗಿಲಿಗೆ ಬಂದು ಚಪ್ಪಾಳೆ ತಟ್ಟಿದೆವು, ತಟ್ಟೆ ಬಡಿದೆವು. ನಾನೂ ಬಡಿದಿದ್ದೇನೆ, ಮನಸ್ಸಿಟ್ಟೇ ಬಡಿದಿದ್ದೇನೆ. ಮೇ 3ರಂದು ದೇಶದ ಹಲವು ಆಸ್ಪತ್ರೆಗಳ ಮೇಲೆ ವಾಯುಪಡೆಯವರು ಹೂವಿನ ಪಕಳೆ ಸುರಿದರು. ಅದಕ್ಕಿಂತ ನನಗೆ ದೊಡ್ಡದಾಗಿ ಕಂಡದ್ದು ಆ ಮಾರ್ಚ್ 30ರಿಂದ ಜಾರಿಯಾದ 50 ಲಕ್ಷ ರೂಪಾಯಿಯ ವಿಮೆ. ಕೋವಿಡ್ ಕೆಲಸ ಮಾಡುವ ಡಾಕ್ಟರಿಗೂ ಅಷ್ಟೇ, ಕಸ ಗುಡಿಸುವವರಿಗೂ ಅಷ್ಟೇ, ಹೊರಗುತ್ತಿಗೆಯವರಿಗೂ ಅಷ್ಟೇ. ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗಿದ್ದರು. ಆದರೆ ಅದು ಸತ್ತ ಮೇಲೆ ಬರುವ ದುಡ್ಡು.

ಬದುಕಿದ್ದವರ ಕಥೆ ಬೇರೆಯೇ ಇತ್ತು. ಅದೇ 2020ರಲ್ಲಿ ದಾವಣಗೆರೆಯಲ್ಲೇ ಸರ್ಕಾರಿ ಕೋಟಾದ ಹೌಸ್ ಸರ್ಜನ್‌ಗಳು (ಎಂಬಿಬಿಎಸ್ ಮುಗಿಸಿ ತರಬೇತಿಯಲ್ಲಿರುವವರು), ಪಿ.ಜಿ. ವಿದ್ಯಾರ್ಥಿಗಳು ಬಿಳಿ ಕೋಟು ಹಾಕಿಕೊಂಡು ಬೀದಿಯಲ್ಲಿ ಕೂತರು. ವರ್ಷಕ್ಕೂ ಮೇಲ್ಪಟ್ಟ ಶಿಷ್ಯವೇತನ ಬಾಕಿ ಇತ್ತು. ಚಪ್ಪಾಳೆ ತಟ್ಟಿಸಿಕೊಂಡವರೇ ಮೂರ್ನಾಲ್ಕು ತಿಂಗಳಲ್ಲಿ ಸಂಬಳಕ್ಕೆ ಧರಣಿ ಕೂತದ್ದನ್ನು ನಮ್ಮೂರು ಕಣ್ಣಾರೆ ನೋಡಿದೆ. ಆಶಾ ಕಾರ್ಯಕರ್ತೆಯರದೂ ಇದೇ ಹಾದಿ. 2022ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅವರಿಗೆ ಜಾಗತಿಕ ಗೌರವ ಕೊಟ್ಟಿತು. 2025ರ ಜನವರಿಯಲ್ಲಿ ನಮ್ಮ ರಾಜ್ಯದ ಆಶಾಗಳು ತಿಂಗಳಿಗೆ ಇಂತಿಷ್ಟು ಗೌರವಧನ ಖಾತ್ರಿ ಮಾಡಿ ಎಂದು ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಚಳಿಯಲ್ಲಿ ಮಲಗಿದ್ದರು.

ಸಂಬಳ ಸಕಾಲಕ್ಕೆ ಕೊಡದೆ ಶಾಲು ಹೊದಿಸಿದರೆ ಅದು ಸನ್ಮಾನ ಅಲ್ಲ. ಇದನ್ನು ನಾನು ಖಡಾಖಂಡಿತವಾಗಿ ಹೇಳುತ್ತೇನೆ. ಕೆಲಸಕ್ಕೆ ಬೇಕಾದಷ್ಟು ಜನರನ್ನು ಕೊಡದಿದ್ದರೂ ಹಾಗೇ. ಬೋಧನಾ ಆಸ್ಪತ್ರೆಯ ಸಾಮಾನ್ಯ ವಾರ್ಡ್‌ನಲ್ಲಿ 3 ರೋಗಿಗೆ ಒಬ್ಬ ನರ್ಸ್, ಉಳಿದ ಆಸ್ಪತ್ರೆಗಳಲ್ಲಿ 5 ರೋಗಿಗೆ ಒಬ್ಬರು ಇರಬೇಕು ಎಂದು ಭಾರತೀಯ ನರ್ಸಿಂಗ್ ಪರಿಷತ್ತು ಹೇಳುತ್ತದೆ. ಅಮ್ಮ ಇದ್ದ ವಾರ್ಡ್‌ನಲ್ಲಿ ರಾತ್ರಿ ಪಾಳಿಗೆ 30 ಹಾಸಿಗೆಗೆ ಇಬ್ಬರು ಸಿಸ್ಟರ್, ಒಬ್ಬ ಆಯಾ. ಅವರು ಒಮ್ಮೊಮ್ಮೆ ಸಿಡುಕಿದ್ದು ಯಾಕೆ ಎಂದು ಮೂರನೇ ರಾತ್ರಿಯ ಹೊತ್ತಿಗೆ ನನಗೆ ಅರ್ಥವಾಗಿತ್ತು.

ಈ ಇತಿಹಾಸದಲ್ಲಿ ನನಗೆ ಹಿಡಿಸಿದ ಒಂದು ತಿರುವು ಇದೆ. 2015ರ ಮೇ 15ರಂದು ಕೇಂದ್ರ ಸರ್ಕಾರ ಕಾಯಕಲ್ಪ ಎಂಬ ಪ್ರಶಸ್ತಿ ಶುರು ಮಾಡಿತು. ಇದು ಒಬ್ಬರಿಗೆ ಕೊಡುವುದಲ್ಲ, ಆಸ್ಪತ್ರೆಗೆ ಕೊಡುವುದು. ಶೌಚಾಲಯ ಹೇಗಿದೆ, ಸೂಜಿ, ರಕ್ತದ ಹತ್ತಿ ಎಲ್ಲಿಗೆ ಹೋಗುತ್ತದೆ, ಸೋಂಕು ತಡೆಯಲು ಏನು ಮಾಡುತ್ತಾರೆ ಎಂದು ನೋಡಿ ಅಂಕ ಹಾಕುತ್ತಾರೆ. ಜಿಲ್ಲಾ ಆಸ್ಪತ್ರೆಗೆ ಮೊದಲ ಬಹುಮಾನ 50 ಲಕ್ಷ. ಅದರಲ್ಲಿ ಮುಕ್ಕಾಲು ಪಾಲು ಆಸ್ಪತ್ರೆಯ ಸುಧಾರಣೆಗೆ, ಕಾಲು ಪಾಲು ಸಿಬ್ಬಂದಿಗೆ. ಯೋಚಿಸಿ ನೋಡಿ. ಇಲ್ಲಿ ಅಂಕ ತರುವವರು ಯಾರು? ಸರ್ಜನ್ ಒಬ್ಬರೇ ಅಲ್ಲ. ಆಸ್ಪತ್ರೆಯ ಕಸದಲ್ಲಿ ಹಳದಿ ಚೀಲಕ್ಕೆ ಯಾವುದು, ಕೆಂಪು ಚೀಲಕ್ಕೆ ಯಾವುದು ಎಂದು ತಪ್ಪದೆ ಬೇರ್ಪಡಿಸಿ ಹಾಕುವ ಡಿ ಗ್ರೂಪ್‌ನವರು. ಅಂಥವರ ಕೆಲಸಕ್ಕೆ ಕಾಗದದ ಮೇಲೆ ಬೆಲೆ ಬಂದದ್ದು ನನಗೆ ಕಂಡ ಹಾಗೆ ಇಲ್ಲಿ.

ಅದು ಸರ್ಕಾರದ ಕೆಲಸ. ನಮ್ಮ ಪಾಲಿನದು ಆ ಆಯಾ ಕೇಳಿದ್ದು.

ನಾನು ಅವತ್ತು ಅದನ್ನು ಮಾಡಲಿಲ್ಲ. ಅಮ್ಮನನ್ನು ಕಾರಿಗೆ ಹತ್ತಿಸುವ ಗಡಿಬಿಡಿಯಲ್ಲಿ ಹೊರಟುಬಿಟ್ಟೆ. ಮನೆಗೆ ಬಂದ ಮೇಲೆ ಅಮ್ಮನೇ ನೆನಪಿಸಿದರು. "ಆ ಹುಡುಗಿ ಹೊಟ್ಟೆ ತಣ್ಣಗಿರಲಿ. ಅವಳ ಹೆಸರು ಕೇಳಿದ್ಯಾ?" ಎಂದರು. ಕೇಳಿರಲಿಲ್ಲ. ಅಮ್ಮನಿಗೆ ಗೊತ್ತಿತ್ತು.

ಎಂಟು ದಿನ ಬಿಟ್ಟು ಹೊಲಿಗೆ ತೋರಿಸಲು ಹೋದಾಗ ಒಂದು ಹಾಳೆ ಬರೆದುಕೊಂಡು ಹೋದೆ. ಉದ್ದ ಏನಿಲ್ಲ. ಹೆಸರು, ವಾರ್ಡ್, ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ. ರಾತ್ರಿ ಎರಡು ತಾಸಿಗೊಮ್ಮೆ ಮಗ್ಗಲು ಬದಲಿಸಿದ್ದು, ಅದರಿಂದ 11 ದಿನವೂ ಅಮ್ಮನ ಬೆನ್ನಿನ ಚರ್ಮ ಒಡೆಯದೆ ಉಳಿದದ್ದು. ಅಷ್ಟೇ. "ತುಂಬಾ ಒಳ್ಳೆಯವರು" ಎಂದು ಬರೆಯಲಿಲ್ಲ, ಮಾಡಿದ ಕೆಲಸ ಬರೆದೆ. ಕೆಳಗೆ ಅಮ್ಮನ ಸಹಿ ಹಾಕಿಸಿದೆ.

ವಾರ್ಡ್ ಇನ್‌ಚಾರ್ಜ್ ಸಿಸ್ಟರ್ ಅದನ್ನು ನಿಂತಲ್ಲೇ ಎರಡು ಸಲ ಓದಿದರು. ಫೈಲಿನ ಒಳಗೆ ಇಟ್ಟರು. ಮತ್ತೆ ತೆಗೆದರು.

"ಇದರದ್ದೇ ಒಂದು ಜೆರಾಕ್ಸ್ ಮಾಡಿಸಿಕೊಂಡು ಬರ್ತೀರಾ? ಅವಳ ಹತ್ರನೂ ಒಂದು ಇರಲಿ" ಎಂದರು.