ಸೆರಗು, ಮಗ್ಗ ಮತ್ತು ಒಂದು ಗೆರೆ

ಬಾಗಲಕೋಟೆಯಲ್ಲಿ ಇಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಕ್ಲಾಸ್ ಡಯಾಗ್ರಾಂ (ತಂತ್ರಾಂಶದ ಭಾಗಗಳನ್ನು ಚೌಕಗಳಲ್ಲೂ ಅವುಗಳ ನಂಟನ್ನು ಗೆರೆಗಳಲ್ಲೂ ತೋರಿಸುವ ನಕ್ಷೆ) ಕಲಿಸುವಾಗ ನಾನು ಇಳಕಲ್ ಸೀರೆಯಿಂದಲೇ ಶುರುಮಾಡುತ್ತೇನೆ. ಒಡಲಿನ ಹಾಸಿನ ಎಳೆಗಳಿಗೆ ಸೆರಗಿನ ಎಳೆಗಳನ್ನು ಕುಣಿಕೆ ಹಾಕಿ ಜೋಡಿಸುವುದು ಆ ಸೀರೆಯ ಗುರುತು. ಸೆರಗು ಸೀರೆಯ ಅಂಗ. ಮಗ್ಗಕ್ಕೂ ನೇಕಾರನಿಗೂ ಇರುವ ನಂಟು ಬೇರೆ, ನೇಕಾರ ಊರು ಬಿಟ್ಟರೂ ಮಗ್ಗ ಉಳಿಯುತ್ತದೆ. ಈ ವ್ಯತ್ಯಾಸ ಮಕ್ಕಳಿಗೆ ಥಟ್ಟನೆ ಹೊಳೆಯುತ್ತದೆ. ಆದರೆ ಲ್ಯಾಬ್‌ನಲ್ಲಿ ನಕ್ಷೆ ಬರೆಯುವ ತಂತ್ರಾಂಶದ ಮುಂದೆ ಕುಳಿತ ಮೇಲೆ ಅದನ್ನು ತೋರಿಸುವ ಗೆರೆ ಯಾವ ಮೆನುವಿನಲ್ಲಿದೆ ಎಂದು ಹುಡುಕುವಷ್ಟರಲ್ಲಿ ಅವಧಿ ಮುಗಿದಿರುತ್ತದೆ.

ತಪ್ಪು ಮಕ್ಕಳದಲ್ಲ. ಆ ತಂತ್ರಾಂಶಗಳು ಹುಟ್ಟಿದ್ದೇ ಬೇರೆಯವರಿಗಾಗಿ. 1990ರ ದಶಕದ ಮೊದಲ ವರ್ಷಗಳಲ್ಲಿ ತಂತ್ರಾಂಶದ ನಕ್ಷೆ ಬರೆಯುವ ಪದ್ಧತಿಗಳು ಹಲವಿದ್ದವು, ಒಬ್ಬರ ಗುರುತು ಇನ್ನೊಬ್ಬರಿಗೆ ಅರ್ಥವಾಗುತ್ತಿರಲಿಲ್ಲ. ಗ್ರೇಡಿ ಬೂಚ್, ಜೇಮ್ಸ್ ರಂಬಾ ಮತ್ತು ಇವಾರ್ ಜೇಕಬ್‌ಸನ್ ರ‍್ಯಾಷನಲ್ ಕಂಪನಿಯಲ್ಲಿ ಒಂದಾಗಿ ಯುಎಂಎಲ್ ಎಂಬ ಏಕರೂಪದ ನಕ್ಷೆ-ಭಾಷೆಯನ್ನು ರೂಪಿಸಿದರು. 1997ರ ನವೆಂಬರ್‌ನಲ್ಲಿ ಅದು ಮಾನದಂಡವಾಯಿತು. ಮರುವರ್ಷವೇ ಬೆಳಗಾವಿಯಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ಮುಂದೆ ಅದರ ಪಠ್ಯಕ್ರಮದಲ್ಲಿ ಇಂಥ ನಕ್ಷೆಗಳನ್ನು ಕಲಿಸುವ ಆಬ್ಜೆಕ್ಟ್ ಓರಿಯೆಂಟೆಡ್ ಮಾಡೆಲಿಂಗ್ ಒಂದು ಪ್ರತ್ಯೇಕ ವಿಷಯವೇ ಆಯಿತು. ಅಷ್ಟರಲ್ಲಿ ಯುಎಂಎಲ್ ಕೂಡ ಬೆಳೆದಿತ್ತು: ಮೊದಲು 9 ಬಗೆಯ ನಕ್ಷೆಗಳಿದ್ದದ್ದು 2005ರ 2.0 ಆವೃತ್ತಿಯಲ್ಲಿ 13ಕ್ಕೇರಿತು. ದೊಡ್ಡ ಕಂಪನಿಗೆ ಇದು ಸೌಕರ್ಯ, ಇಪ್ಪತ್ತರ ಹುಡುಗಿಗೆ ಹೊರೆ.

ಇದನ್ನು ಮೊದಲೇ ಕಂಡವರಿದ್ದರು. ಕ್ಯಾಲಿಫೋರ್ನಿಯಾದ ಅರ್ವೈನ್‌ನಲ್ಲಿ ಜೇಸನ್ ರಾಬಿನ್ಸ್ ಕಟ್ಟಿದ ಆರ್ಗೋಯುಎಂಎಲ್ ಎಂಬ ತಂತ್ರಾಂಶ, ನಕ್ಷೆ ಬರೆಯುತ್ತಿರುವಾಗಲೇ ಕೊರತೆಗಳನ್ನು ಎತ್ತಿ ತೋರಿಸುತ್ತಿತ್ತು. ಬೆನ್ನ ಹಿಂದೆ ನಿಂತ ಮೇಷ್ಟ್ರ ಹಾಗೆ. ಮೈಕೆಲ್ ಕೋಲಿಂಗ್ ಮತ್ತು ಜಾನ್ ರೋಸನ್‌ಬರ್ಗ್ ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯದಲ್ಲಿ 1999ರಲ್ಲಿ ಹೊರತಂದ, ಹೊಸಬರಿಗೆ ಜಾವಾ ಭಾಷೆಯಲ್ಲಿ ಪ್ರೋಗ್ರಾಮಿಂಗ್ ಕಲಿಸುವ ಬ್ಲೂಜೆ ಇನ್ನೂ ದಿಟ್ಟ ಹೆಜ್ಜೆ. ಅದರಲ್ಲಿ ಬಾಣಗಳೇ ಬೆರಳೆಣಿಕೆಯಷ್ಟು. ಕ್ಲಾಸ್‌ನ ಚೌಕದ ಮೇಲೆ ಬಲ ಗುಂಡಿ ಒತ್ತಿದರೆ ಆ ಅಚ್ಚಿನ ವಸ್ತುವೊಂದು (ಆಬ್ಜೆಕ್ಟ್) ಹುಟ್ಟಿ ಪರದೆಯ ಕೆಳಭಾಗದಲ್ಲಿ ಕೂರುತ್ತದೆ, ಅದಕ್ಕೆ ಒಂದೊಂದೇ ಕೆಲಸ ಹೇಳಿ ಮಾತನಾಡಿಸಬಹುದು. ಚಿತ್ರಕ್ಕೂ ಕೋಡ್‌ಗೂ ನಂಟಿದೆ ಎಂದು ನಾನು ವಾರಗಟ್ಟಲೆ ಹೇಳಿದರೂ ನಾಟದ್ದು ಅಲ್ಲಿ ಒಂದು ಕ್ಲಿಕ್ಕಿನಲ್ಲಿ ನಾಟುತ್ತದೆ.

ಸರಳತೆಗೂ ಬೆಲೆ ತೆರಬೇಕು. ಬ್ಲೂಜೆಯಲ್ಲಿ ಸೀರೆಗೂ ಸೆರಗಿಗೂ, ನೇಕಾರನಿಗೂ ಮಗ್ಗಕ್ಕೂ ಒಂದೇ ಚುಕ್ಕೆಗೆರೆ: ಇದು ಅದನ್ನು ಬಳಸುತ್ತದೆ, ಅಷ್ಟೆ. ಮಕ್ಕಳು ಸೀರೆಯಿಂದ ಕಲಿತ ಭೇದ ಅಲ್ಲಿ ಅಳಿಸಿಹೋಗುತ್ತದೆ. ಹೀಗಾಗಿ ಮೊದಲ ವಾರಗಳಿಗೆ ಬ್ಲೂಜೆ, ಆಮೇಲೆ ಬೇರೆ ಎನ್ನುವುದು ನನ್ನ ಪಕ್ಷ. ಕೆನಡಾದ ಒಟ್ಟಾವಾದಲ್ಲಿ ಟಿಮೊತಿ ಲೆತ್‌ಬ್ರಿಜ್ ತಂಡ ರೂಪಿಸಿದ, ನಕ್ಷೆಯನ್ನು ಪಠ್ಯವಾಗಿಯೂ ಬರೆಯಬಹುದಾದ ಅಂಪಲ್ ಎಂಬ ಸಾಧನ ಇಲ್ಲಿ ನೆರವಿಗೆ ಬರುತ್ತದೆ. ಅದು ಬ್ರೌಸರಿನಲ್ಲೇ ತೆರೆಯುವುದರಿಂದ ಲ್ಯಾಬಿನ ಹಳೆಯ ಯಂತ್ರಗಳಲ್ಲಿ ಏನನ್ನೂ ಇನ್‌ಸ್ಟಾಲ್ ಮಾಡಬೇಕಿಲ್ಲ. ಪಠ್ಯ ತಿದ್ದಿದರೆ ಚಿತ್ರ ಬದಲಾಗುತ್ತದೆ, ಚಿತ್ರ ತಿದ್ದಿದರೆ ಪಠ್ಯ. ಪ್ರತಿ ಸೀರೆಗೂ ಒಬ್ಬ ನೇಕಾರ ಇರಲೇಬೇಕು ಎಂದು ಅದರಲ್ಲಿ ಒಂದು ಸಾಲು ಬರೆದರೆ, ಅದು ಹೆಣೆದುಕೊಡುವ ಜಾವಾ ಕೋಡ್ ನೇಕಾರನಿಲ್ಲದ ಸೀರೆಯನ್ನು ಹುಟ್ಟಲು ಬಿಡುವುದಿಲ್ಲ.