ಟಿಪ್ಪು ಆಳಿದ ದ್ವೀಪಗಳಿಗೆ ತಾಯಂದಿರು ಎಲ್ಲಿಂದ ಬಂದರು?

1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಅದರೊಂದಿಗೆ ಅರಬ್ಬಿ ಸಮುದ್ರದ ಐದು ಪುಟ್ಟ ದ್ವೀಪಗಳೂ ಬ್ರಿಟಿಷರ ಪಾಲಾದವು: ಅಮಿನಿ, ಕದಮತ್, ಕಿಲ್ತಾನ್, ಚೆತ್ಲತ್, ಬಿತ್ರ. ಕಣ್ಣೂರಿನ ಅರಕ್ಕಲ್ ಮನೆತನದ ಆಡಳಿತ ಸಾಕಾಗಿ, ಅಲ್ಲಿನ ಜನರೇ 1780ರ ದಶಕದಲ್ಲಿ ಟಿಪ್ಪುವಿನ ಮೊರೆ ಹೋಗಿದ್ದರು. ಕೋಟೆ ನೋಡಲು ಹೋದಾಗ ಈ ಕತೆ ಅಷ್ಟಾಗಿ ಕಿವಿಗೆ ಬೀಳುವುದಿಲ್ಲ. ಬ್ರಿಟಿಷರ ಕೈಸೇರಿದ ಮೇಲೆ ಮಂಗಳೂರಿನಿಂದ ಈ ದ್ವೀಪಗಳ ಆಡಳಿತ ನಡೆಯಿತು. ಇವೂ ಸೇರಿರುವ ಲಕ್ಷದ್ವೀಪ 1956ರಲ್ಲಿ ಕೇಂದ್ರಾಡಳಿತ ಪ್ರದೇಶವಾಯಿತು.

ಆಳಿದವರ ಲೆಕ್ಕ ಕಾಗದದಲ್ಲಿದೆ. ಮೊದಲು ಬಂದು ನೆಲೆಸಿದವರದ್ದು? ದ್ವೀಪದವರು ಹೇಳುವ ಕತೆಯಲ್ಲಿ, ಮೆಕ್ಕಾಕ್ಕೆ ಹೊರಟ ಕೇರಳದ ರಾಜ ಚೇರಮಾನ್ ಪೆರುಮಾಳನನ್ನು ಹುಡುಕುತ್ತಾ ಹೋದವರು ಬಿರುಗಾಳಿಗೆ ಸಿಕ್ಕಿ ಅಲ್ಲಿಗೆ ತಲುಪಿದರು. ಹೆಂಗಸರ ಸುದ್ದಿಯೇ ಇಲ್ಲ, ನೋಡಿ.

ಅದನ್ನು ಹುಡುಕಲು ಮೈಟೋಕಾಂಡ್ರಿಯದ, ಅಂದರೆ ಜೀವಕೋಶಕ್ಕೆ ಶಕ್ತಿ ಒದಗಿಸುವ ಪುಟ್ಟ ಭಾಗದ, ಡಿಎನ್‌ಎ ಬೇಕು. 16,569 ಅಕ್ಷರಗಳ ಈ ಪುಟ್ಟ ಉಂಗುರ ತಾಯಿಯಿಂದ ಮಾತ್ರ ಮಕ್ಕಳಿಗೆ ಬರುತ್ತದೆ. ಮಗ ಅದನ್ನು ಮುಂದೆ ದಾಟಿಸುವುದಿಲ್ಲ, ಮಗಳು ದಾಟಿಸುತ್ತಾಳೆ. ಅಪರೂಪಕ್ಕೆ ಒಂದು ಅಕ್ಷರ ಬದಲಾದರೆ ಆ ಗುರುತು ಅವಳ ಹೆಣ್ಣುಮಕ್ಕಳ ಸಾಲಿನಲ್ಲಿ ಉಳಿಯುತ್ತದೆ. ಇದರ ಜಾಡು ಹಿಡಿಯುವ ಕೆಲಸ ಇಂದಿನ ಎಲ್ಲರ ತಾಯಿಸಾಲು ಸೇರುವ ಒಬ್ಬ ಮೂಲತಾಯಿಯತ್ತ ಬೊಟ್ಟು ಮಾಡಿದ 1987ರ ‘ಮೈಟೋಕಾಂಡ್ರಿಯದ ಈವ್’ ಸಂಶೋಧನೆಯಿಂದ ಜೋರಾಯಿತು. ನಮ್ಮ ಮೈಸೂರಿನಲ್ಲಿರುವ ಮಾನವಶಾಸ್ತ್ರ ಸರ್ವೇಕ್ಷಣೆಯ ಕೇಂದ್ರದವರೂ ಭಾರತದ ತಾಯಿಸಾಲುಗಳ ಮೇಲೆ ಕೆಲಸ ಮಾಡಿದ್ದಾರೆ.

ಲಕ್ಷದ್ವೀಪದ ಸರದಿ ಬಂದಿದ್ದು ತಡವಾಗಿ. 2019ರಲ್ಲಿ ಮಂಗಳೂರು ವಿಶ್ವವಿದ್ಯಾಲಯ ಮತ್ತು ಹೈದರಾಬಾದಿನ ಜೀವಕೋಶ ಮತ್ತು ಅಣುಜೀವಶಾಸ್ತ್ರ ಸಂಶೋಧನಾ ಕೇಂದ್ರದ (ಸಿಸಿಎಂಬಿ) ಸಂಶೋಧಕರು ಎಂಟು ದ್ವೀಪಗಳ 557 ಜನರ ತಾಯಿಸಾಲು ಪರೀಕ್ಷಿಸಿದ ವರದಿ ಬಂತು. ಮಾಲ್ಡೀವ್ಸ್, ಶ್ರೀಲಂಕಾ, ಭಾರತದೊಂದಿಗೆ ಹತ್ತಿರದ ನಂಟು ಕಂಡಿತು. ಜೊತೆಗೆ, ಕೆಲವೇ ಮೂಲಸಾಲುಗಳು ಹಬ್ಬಿಕೊಂಡ ಗುರುತು ಎದ್ದು ಕಂಡಿತು. ಕಣಜದಿಂದ ಒಂದೇ ಹಿಡಿ ರಾಗಿ ಒಯ್ದು ಬಿತ್ತಿದರೆ, ಹೊಸ ಹೊಲದಲ್ಲಿ ಬೆಳೆಯುವುದು ಆ ಹಿಡಿಯಲ್ಲಿದ್ದ ತಳಿಗಳಷ್ಟೇ ಅಲ್ವಾ? ಜನ ಕಡಿಮೆ ಇದ್ದಾಗ ಹೆಣ್ಣುಮಕ್ಕಳಿಲ್ಲದ ಮನೆಯ ಸಾಲು ಅಲ್ಲಿಗೇ ಮುಗಿಯುತ್ತದೆ. ಹೀಗೆ ಬಗೆಗಳು ಇನ್ನೂ ಕಡಿಮೆಯಾಗುತ್ತವೆ.

ಕರಾವಳಿಯ ಅಳಿಯಸಂತಾನದಂತೆ ಈ ದ್ವೀಪಗಳಲ್ಲೂ ಮನೆತನ ತಾಯಿಯ ಕಡೆಯಿಂದ ಸಾಗುತ್ತದೆ. ಇದನ್ನೂ ಡಿಎನ್‌ಎಯನ್ನೂ ಸುಮ್ನೆ ಬೆರೆಸುವವರು ಜಾಸ್ತಿ. ಅಪ್ಪನ ಹೆಸರು, ಅಪ್ಪನ ಜಮೀನು ನಡೆಯುವ ಮಂಡ್ಯದ ಮನೆಗಳಲ್ಲೂ ಮೈಟೋಕಾಂಡ್ರಿಯ ಬರುವುದು ಅಮ್ಮನಿಂದಲೇ. ಆದರೆ ಹೆಣ್ಣು ಮದುವೆಯಾಗಿ ಊರು ಬಿಡುವ ಕಡೆ ಈ ಸಾಲುಗಳು ಊರೂರಿಗೆ ಚದುರುತ್ತವೆ. ತಾಯಿಮನೆಯಲ್ಲೇ ಉಳಿಯುವ ಕಡೆ ಒಂದೇ ಜಾಗದಲ್ಲಿ ದಟ್ಟವಾಗುತ್ತವೆ.

ಇನ್ನೊಂದು ಮಾತು. ಹತ್ತು ತಲೆಮಾರು ಹಿಂದಕ್ಕೆ ಹೋದರೆ ನಮಗೆ 1,024 ಹಿರಿಯರ ಜಾಗಗಳಿವೆ. ಈ ಪರೀಕ್ಷೆ ತೋರಿಸುವುದು ಅದರಲ್ಲಿ ಒಬ್ಬಳನ್ನು ಮಾತ್ರ. ಅದಕ್ಕೇ ಅದೇ ಸಂಶೋಧಕರು 166 ಗಂಡಸರಲ್ಲಿ, ಅಪ್ಪನಿಂದ ಮಗನಿಗೆ ಮಾತ್ರ ಬರುವ ವೈ ಕ್ರೋಮೋಸೋಮನ್ನೂ ನೋಡಿದರು. ತಂದೆಯ ಸಾಲಿನಲ್ಲೂ ಕೆಲವೇ ಮೂಲಪುರುಷರ ಗುರುತು ಸಿಕ್ಕಿತು.